ಹನ್ನೆರಡು ಎಮ್ಮೆಗಳ ಹಾಲಿನ ಲೆಕ್ಕ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಕೃಷಿ ಪುಟದಲ್ಲಿ 'ಹೊಸ ಪಶು ಆಹಾರ: ಎಮ್ಮೆ ಹಾಲು ಸರಾಸರಿ 1.4 ಲೀಟರ್ ಹೆಚ್ಚಳ' ಅಂತ ಒಂದು ಸುದ್ದಿ ಬಂದಿತ್ತು. ಊರಿನ ಹೆಸರು ಇರಲಿಲ್ಲ. 'ಕುಂದಗೋಳ ತಾಲ್ಲೂಕಿನ ಒಂದು ಗ್ರಾಮ' ಅಂತಷ್ಟೇ ಇತ್ತು. ಆ ಗ್ರಾಮ ನಮ್ಮದು. ನಾನು ಇಲ್ಲಿಯ ಮಹಿಳಾ ಹಾಲು ಸಂಘದ ಕಾರ್ಯದರ್ಶಿ. ಆ ಎಮ್ಮೆಗಳ ಹಾಲನ್ನು ದಿನಾ ಎರಡು ಹೊತ್ತು ಅಳೆದು ರಜಿಸ್ಟರಿಗೆ ಬರೆದವಳು ನಾನೇ.

ಸುದ್ದಿ ಸುಳ್ಳಲ್ಲ. ಕೂಡಿಸಿದ್ದು, ಭಾಗಿಸಿದ್ದು ಎಲ್ಲ ಸರಿ ಇದೆ. ಆದರೂ ಅದನ್ನು ಓದಿದವರು ತಪ್ಪು ತಿಳಿದುಕೊಂಡು ದುಡ್ಡು ಹಾಕುತ್ತಿದ್ದಾರೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ. ಕತ್ತರಿಸದೆ ಹಾಕಬೇಕು ಅಂತ ಕೇಳಿಕೊಳ್ಳುತ್ತೇನೆ.

ಸುದ್ದಿ ಬಂದ ಮರುದಿನ ಬೆಳಿಗ್ಗೆ ನಮ್ಮ ಓಣಿಯ ಆಯಿ ಒಬ್ಬರು ಹಾಲು ಹಾಕಿ, ಪಾಸ್‌ಬುಕ್ಕಿನಲ್ಲಿ ಬರೆಸಿಕೊಂಡು, ಅಲ್ಲೇ ಕಟ್ಟೆಯ ಮೇಲೆ ಕೂತರು. ಎಲ್ಲರೂ ಹೋಗುವ ತನಕ ಕಾದರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಮಡಚಿದ ನೋಟುಗಳನ್ನು ತೋರಿಸಿದರು. 'ಯವ್ವಾ, ಪೇಪರಿನ್ಯಾಗ ಬಂದೈತಂತಲ್ಲ, ಆ ಹಿಂಡಿ ತರ್ಲೇನ?' ಅಂದರು. ಅವರಿಗೆ ಇರುವುದು ಒಂದೇ ಎಮ್ಮೆ. ಅದರ ಹಾಲಿನಲ್ಲೇ ಸಂತೆ, ಅದರಲ್ಲೇ ಔಷಧಿ. 'ಎರಡು ದಿನ ತಡೀರಿ ಆಯಿ, ರಜಿಸ್ಟರ್ ನೋಡಿ ಹೇಳತೇನಿ' ಅಂದೆ.

ನಾನು ಧಾರವಾಡದಲ್ಲಿ ಬಿಎಸ್‌ಸಿ ಓದಿದವಳು. ಕುಂದಗೋಳದಿಂದ ಪ್ಯಾಸೆಂಜರ್ ರೈಲು ಹತ್ತಿ ಹುಬ್ಬಳ್ಳಿ, ಅಲ್ಲಿಂದ ಬಸ್ಸು. ಮೂರು ವರ್ಷ ಸಂಖ್ಯಾಶಾಸ್ತ್ರ ಓದಿದೆ. ಮದುವೆಯಾದ ಮೇಲೆ ಆ ಪುಸ್ತಕಗಳೆಲ್ಲ ಅಟ್ಟ ಸೇರಿದವು. ಆಯಿ ಕೇಳಿದ ದಿನ ಏಣಿ ಹಾಕಿ ಇಳಿಸಿದೆ.

ನಡೆದದ್ದು ಇಷ್ಟು. ಒಂದು ಹಿಂಡಿ ಕಂಪನಿಯವರು ಬಂದು ಸಭೆ ಮಾಡಿದರು. ಬೇಕಾದವರು ಕೈ ಎತ್ತಿ, ಹೊಸ ಹಿಂಡಿ ಪುಕ್ಕಟೆ ಕೊಡುತ್ತೇವೆ ಅಂದರು. ಆರು ಮನೆಯವರು ಕೈ ಎತ್ತಿದರು. ಹಳೆಯ ಹಿಂಡಿಯನ್ನೇ ತಿನ್ನುವ ಇನ್ನೂ ಆರು ಎಮ್ಮೆಗಳನ್ನು ಹೋಲಿಕೆಗೆ ಹಿಡಿದರು. ಕೊನೆಯ ವಾರ ಒಂದೊಂದು ಎಮ್ಮೆ ದಿನಕ್ಕೆ ಎಷ್ಟು ಹಾಲು ಕೊಟ್ಟಿತು ಅಂತ ನನ್ನ ರಜಿಸ್ಟರಿನಿಂದ ಬರೆದುಕೊಂಡು ಹೋದರು.

ಹೊಸ ಹಿಂಡಿ ತಿಂದವು ಲೀಟರಿನಲ್ಲಿ ಹೀಗೆ: 5.2, 4.6, 6.1, 4.9, 5.5, 12.4. ಸರಾಸರಿ 6.45.

ಹಳೆಯ ಹಿಂಡಿಯವು: 4.8, 5.4, 5.0, 4.3, 5.8, 5.1. ಸರಾಸರಿ 5.07.

ವ್ಯತ್ಯಾಸ ಸುಮಾರು 1.4 ಲೀಟರ್. ನಿಮ್ಮಲ್ಲಿ ಅಚ್ಚಾದದ್ದು ಇದೇ.

ಈಗ ಆ 12.4 ನೋಡಿ. ಅದು ನಮ್ಮೂರಿನ ದೊಡ್ಡ ರೈತರೊಬ್ಬರ ಮುರ್ರಾ ಎಮ್ಮೆ. ಈದು ಮೂರೇ ವಾರ ಆಗಿತ್ತು. ಎತ್ತರದ ಮೈ, ಒಳಗೆ ಸುತ್ತಿದ ಕೋಡು, ಹಿಂಡಲು ಕೂತರೆ ಬಕೆಟ್ ತುಂಬುವ ಜಾತಿ. ಉಳಿದವೆಲ್ಲ ನಮ್ಮ ಧಾರವಾಡಿ ಎಮ್ಮೆಗಳು, ಈದು ನಾಲ್ಕೈದು ತಿಂಗಳಾದವು. ಅವುಗಳ ಹಾಲು ಕಡಿಮೆಯೇ, ಆದರೆ ಗಟ್ಟಿ. ಧಾರವಾಡ ಪೇಢೆಗೆ ಹೆಸರು ಬಂದದ್ದೇ ಆ ಹಾಲಿನಿಂದ. ಮುರ್ರಾ ಒಂದನ್ನು ಬಿಟ್ಟು ಉಳಿದ ಐದರ ಸರಾಸರಿ ತೆಗೆದರೆ 5.26. ಹಳೆಯ ಹಿಂಡಿಯವಕ್ಕೂ ಇವಕ್ಕೂ ಇರುವ ಅಂತರ ಒಂದು ಚಹಾ ಲೋಟದಷ್ಟು. ಸುದ್ದಿಯಲ್ಲಿ ಬಂದ ಹೆಚ್ಚಳವೆಲ್ಲ ಹೆಚ್ಚುಕಡಿಮೆ ಒಂದೇ ಎಮ್ಮೆಯದು.

ಹಾಗಂತ ಮುರ್ರಾವನ್ನು ತೆಗೆದುಹಾಕಿ ಲೆಕ್ಕ ಮಾಡುವುದು ಸರಿಯಾ? ನನಗೆ ಅದೂ ಸರಿ ಕಾಣುವುದಿಲ್ಲ. ಇವತ್ತು ನಾನು ನನಗೆ ಬೇಡದ ಎಮ್ಮೆಯನ್ನು ತೆಗೆದರೆ, ನಾಳೆ ಇನ್ನೊಬ್ಬರು ತಮಗೆ ಬೇಡದ್ದನ್ನು ತೆಗೆಯುತ್ತಾರೆ. ಅದನ್ನು ಒಳಗೇ ಇಟ್ಟುಕೊಂಡು, ಅದೊಂದೇ ಎಲ್ಲವನ್ನೂ ಎಳೆದುಕೊಂಡು ಹೋಗದ ಹಾಗೆ ನೋಡಬೇಕು. ಅದಕ್ಕೊಂದು ದಾರಿ ಇದೆ. ಶಾಲೆಯಲ್ಲಿ ಪ್ರಾರ್ಥನೆಗೆ ನಮ್ಮನ್ನು ಗಿಡ್ಡದವರಿಂದ ಎತ್ತರದವರ ತನಕ ಸಾಲು ನಿಲ್ಲಿಸುತ್ತಿದ್ದರಲ್ವಾ, ಅದೇ ದಾರಿ.

ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಹನ್ನೆರಡು ಚೀಟಿ ಮಾಡಿದೆ. ಹೊಸ ಹಿಂಡಿಯವನ್ನು ಕೆಂಪು ಪೆನ್ನಿನಲ್ಲಿ, ಹಳೆಯವನ್ನು ನೀಲಿಯಲ್ಲಿ ಬರೆದೆ. ಕಡಿಮೆ ಹಾಲಿನಿಂದ ಜಾಸ್ತಿ ಹಾಲಿನ ತನಕ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದೆ. 4.3 ನೀಲಿ, ಅದು 1ನೇ ಜಾಗ. 4.6 ಕೆಂಪು, 2. 4.8 ನೀಲಿ, 3. ಹೀಗೇ ಕೊನೆಯ ತನಕ. 5.8 ನಮ್ಮ ಮನೆಯ ಎಮ್ಮೆ, ಹಳೆಯ ಹಿಂಡಿ ತಿಂದೇ 10ನೇ ಜಾಗದಲ್ಲಿ ನಿಂತಿತು. 6.1ಕ್ಕೆ 11. ಮುರ್ರಾಕ್ಕೆ 12.

ಇಲ್ಲೇ ನೋಡಬೇಕಾದ ವಿಷಯ ಇರುವುದು. ಮುರ್ರಾ 12.4 ಕೊಟ್ಟರೂ ಅದರ ಜಾಗ 12, ಏಳು ಲೀಟರ್ ಕೊಟ್ಟಿದ್ದರೂ 12, ಇಪ್ಪತ್ತು ಕೊಟ್ಟಿದ್ದರೂ 12. ಅದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿತು. ಆದರೆ ಉಳಿದ ಹನ್ನೊಂದನ್ನು ಅದು ಮುಚ್ಚಿಹಾಕಲಿಲ್ಲ.

ಎರಡು ಎಮ್ಮೆ ಸರಿಸಮ ಹಾಲು ಕೊಟ್ಟರೆ ಏನು ಮಾಡುವುದು ಅಂತ ನನ್ನ ಮಗಳು ಕೇಳಿದಳು. ಎರಡೂ ಸೇರಿ 3 ಮತ್ತು 4ನೇ ಜಾಗದಲ್ಲಿ ನಿಂತರೆ ಎರಡಕ್ಕೂ ಮೂರೂವರೆ ಕೊಡುವುದು, ಅಷ್ಟೇ.

ಕೆಂಪು ಚೀಟಿಗಳ ಜಾಗ ಕೂಡಿಸಿದೆ: 2, 4, 7, 9, 11, 12. ಮೊತ್ತ 45. ನೀಲಿಯವು 1, 3, 5, 6, 8, 10. ಮೊತ್ತ 33. ಎರಡೂ ಸೇರಿ 78. ಹಿಂಡಿಯಿಂದ ಏನೂ ಫರಕು ಇಲ್ಲದಿದ್ದರೆ ಎರಡೂ ಕಡೆ 39ರ ಆಸುಪಾಸು ಬರಬೇಕು. 45 ಬಂದಿದೆ. ಇದು ದೊಡ್ಡ ವ್ಯತ್ಯಾಸವಾ, ಸುಮ್ನೆ ಅದೃಷ್ಟವಾ?

ಅದನ್ನೂ ಕೈಯಾರೆ ನೋಡಿದೆವು. 1ರಿಂದ 12ರ ತನಕ ಬರೆದ ಚೀಟಿಗಳನ್ನು ಸ್ಟೀಲ್ ಡಬ್ಬಿಗೆ ಹಾಕಿ, ಕುಲುಕಿ, ಕಣ್ಣು ಮುಚ್ಚಿ ಆರು ಎತ್ತುವುದು. ಕೂಡಿಸುವುದು. 45 ಅಥವಾ ಮೇಲೆ ಬಂದರೆ, ಇಲ್ಲವೇ 33 ಅಥವಾ ಕೆಳಗೆ ಬಂದರೆ ಒಂದು ಗೀಟು ಹಾಕುವುದು. ಎರಡು ಸಂಜೆ ಕೂತು ನೂರು ಸಲ ಎತ್ತಿದೆವು. 41 ಗೀಟು ಬಿದ್ದವು. ಚೀಟಿಗಳು ಯಾವ ಹಿಂಡಿಯನ್ನೂ ತಿಂದಿರಲಿಲ್ಲ. ಆದರೂ ನೂರಕ್ಕೆ 41 ಸಲ ನಮ್ಮ ಎಮ್ಮೆಗಳಷ್ಟೇ, ಇಲ್ಲವೇ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬಂತು. ಪೂರ್ತಿ ಲೆಕ್ಕ ಬೇಕಾದವರಿಗೆ ಹೇಳುತ್ತೇನೆ. ಹನ್ನೆರಡರಲ್ಲಿ ಆರು ಎತ್ತಲು 924 ದಾರಿಗಳಿವೆ. ಅದರಲ್ಲಿ 364 ದಾರಿಗಳಲ್ಲಿ ಇಷ್ಟು ಅಥವಾ ಇನ್ನೂ ಜಾಸ್ತಿ ವ್ಯತ್ಯಾಸ ಬರುತ್ತದೆ. ನೂರಕ್ಕೆ 39. ಸಾಮಾನ್ಯವಾಗಿ ಇದು ನೂರಕ್ಕೆ 5ಕ್ಕಿಂತ ಕಡಿಮೆ ಇದ್ದರೆ ಮಾತ್ರ, ಏನೋ ಇದೆ, ಇನ್ನೂ ನೋಡೋಣ ಅನ್ನುತ್ತಾರೆ. ಆರಾರು ಎಮ್ಮೆಗಳ ಗುಂಪಿನಲ್ಲಿ ಅಷ್ಟು ಬರಬೇಕಾದರೆ ಒಂದು ಕಡೆಯ ಮೊತ್ತ 52 ಮುಟ್ಟಬೇಕಿತ್ತು.

ಈ ಪರೀಕ್ಷೆಯನ್ನು 1945ರಲ್ಲಿ ಬರೆದು ಪ್ರಕಟಿಸಿದವರು ಫ್ರಾಂಕ್ ವಿಲ್ಕಾಕ್ಸನ್. ಅವರು ಗಣಿತದ ಮೇಷ್ಟ್ರಲ್ಲ, ಅಮೆರಿಕದ ಒಂದು ಕಂಪನಿಯಲ್ಲಿದ್ದ ರಸಾಯನಶಾಸ್ತ್ರಜ್ಞ. ಕೀಟನಾಶಕಗಳ ಮೇಲೆ ಕೆಲಸ ಮಾಡಿದವರು. ನಾಲ್ಕೇ ಪುಟದ ಲೇಖನ ಅದು. ಅದರಲ್ಲಿ ಅವರು ಕೊಟ್ಟ ಉದಾಹರಣೆ ನೊಣ ಕೊಲ್ಲುವ ಎರಡು ಸಿಂಪರಣೆ ಔಷಧಿಗಳದು. ಕೊಟ್ಟಿಗೆಯಲ್ಲಿ ಬಾಲ ಬೀಸಿ ಬೀಸಿ ನೊಣ ಓಡಿಸುವ ಎಮ್ಮೆಗಳ ನಡುವೆ ಇರುವ ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾ? ಎರಡು ವರ್ಷದ ಮೇಲೆ, 1947ರಲ್ಲಿ, ಮಾನ್ ಮತ್ತು ವಿಟ್ನಿ ಅನ್ನುವವರು ಇದನ್ನೇ ಬೇರೆ ರೀತಿಯಲ್ಲಿ ಬಿಡಿಸಿ ಬರೆದರು. ಒಂದೊಂದು ಕೆಂಪು ಚೀಟಿಯನ್ನು ಒಂದೊಂದು ನೀಲಿಯ ಜೊತೆ ಕುಸ್ತಿಗೆ ಬಿಡುವುದು. ನಮ್ಮ ಲೆಕ್ಕದಲ್ಲಿ 36 ಜೋಡಿ. ಅದರಲ್ಲಿ ಕೆಂಪು ಗೆದ್ದದ್ದು 24. ಸುಮ್ನೆ ಬಿಟ್ಟರೂ ಸುಮಾರು 18 ಗೆಲ್ಲುತ್ತಿತ್ತು. ಉತ್ತರ ಅದೇ ಬರುತ್ತದೆ. ಅದಕ್ಕೇ ಪುಸ್ತಕಗಳಲ್ಲಿ ಮಾನ್-ವಿಟ್ನಿ ಅಂತಲೂ ಇರುತ್ತದೆ, ವಿಲ್ಕಾಕ್ಸನ್ ರ‍್ಯಾಂಕ್ ಮೊತ್ತದ ಪರೀಕ್ಷೆ ಅಂತಲೂ ಇರುತ್ತದೆ. ಇಂಥವಕ್ಕೆಲ್ಲ ಸೇರಿ ನಾನ್‌ಪ್ಯಾರಾಮೆಟ್ರಿಕ್ ಟೆಸ್ಟ್ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಅಂಕಿಗಳು ನಡುವೆ ಜಾಸ್ತಿ, ಎರಡೂ ತುದಿಗೆ ಕಡಿಮೆ, ಹೀಗೆ ಗುಡಿಯ ಗಂಟೆಯ ಆಕಾರದಲ್ಲಿ ಚೆಂದಾಗಿ ಹರಡಿವೆ ಅಂತ ಮೊದಲೇ ನಂಬಿಕೊಳ್ಳದೆ ಮಾಡುವ ಪರೀಕ್ಷೆ ಅಂತ ಅರ್ಥ ಮಾಡಿಕೊಂಡರೆ ಸಾಕು.

ಗೊತ್ತಿದ್ದವರು 'ಟಿ-ಟೆಸ್ಟ್ ಯಾಕೆ ಮಾಡಲಿಲ್ಲ' ಅಂತ ಕೇಳಬಹುದು. ಎರಡು ಗುಂಪಿನ ಸರಾಸರಿಗಳ ಅಂತರವನ್ನು ಅಂಕಿಗಳ ಏರುಪೇರಿನ ಜೊತೆ ತೂಗಿ ನೋಡುವ ಪರೀಕ್ಷೆ ಅದು. ಅದರ ಬಗ್ಗೆ ನನಗೆ ಗೌರವವೇ ಇದೆ. ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ಗಾಸೆಟ್ ಅದನ್ನು 1908ರಲ್ಲಿ ಕೊಟ್ಟದ್ದೇ ಸ್ವಲ್ಪ ಅಂಕಿ ಇದ್ದಾಗ ಬಳಸಲಿ ಅಂತ. ಆದರೆ ಅದು ಗಂಟೆಯ ಆಕಾರವನ್ನು ನಂಬುತ್ತದೆ. ನಮ್ಮಲ್ಲಿ ಹನ್ನೊಂದು ಎಮ್ಮೆ ನಾಲ್ಕರಿಂದ ಆರರ ಹತ್ತಿರ, ಒಂದೇ ಒಂದು ಹನ್ನೆರಡರಲ್ಲಿ. ಅದನ್ನೂ ಮಾಡಿ ನೋಡಿದೆ. ಅದರಲ್ಲೂ ಈ 1.4 ನಿಲ್ಲಲಿಲ್ಲ. ಯಾಕೆಂದರೆ ಮುರ್ರಾ ಸರಾಸರಿಯನ್ನು ಏರಿಸುವ ಹಾಗೇ ಏರುಪೇರನ್ನೂ ಏರಿಸುತ್ತದೆ. ಇದರ ಇನ್ನೊಂದು ಮುಖ ನನಗೆ ಹೆಚ್ಚು ಕಳವಳ ತರುತ್ತದೆ. ಹಿಂಡಿ ನಿಜವಾಗಿ ಒಳ್ಳೆಯದಿದ್ದು, ಆರಕ್ಕೆ ಆರೂ ಕೆಂಪು ಚೀಟಿ ನೀಲಿಗಳ ಮೇಲೆ ನಿಂತಿದ್ದವು ಅಂತ ಇಟ್ಟುಕೊಳ್ಳಿ. ಆಗಲೂ ಅತಿ ದೊಡ್ಡ ಒಂದು ಅಂಕಿ ಏರುಪೇರನ್ನು ಹಿಗ್ಗಿಸಿ, ಟಿ-ಟೆಸ್ಟಿಗೆ ಆ ಗುಣ ಕಾಣದ ಹಾಗೆ ಮಾಡಬಹುದು. ಸಾಲು ನಿಲ್ಲಿಸುವ ಪರೀಕ್ಷೆಗೆ ಅದು ಕಾಣುತ್ತದೆ. ಹಾಗಾಗಿ ಇದು ಕಂಪನಿಗೂ ನ್ಯಾಯದ ದಾರಿ.

ಹಿಂಡಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯದೇ ಇರಬಹುದು. ಆರಾರು ಎಮ್ಮೆಗಳಿಂದ ಅದು ಗೊತ್ತಾಗುವುದಿಲ್ಲ, ಅಷ್ಟೇ. ಕಡಿಮೆ ಎಮ್ಮೆ ಇದ್ದರೆ ಯಾವ ಪರೀಕ್ಷೆಯೂ ಪವಾಡ ಮಾಡುವುದಿಲ್ಲ. ಮೂರು ಎಮ್ಮೆಗೆ ಮೂರು ಎಮ್ಮೆ ಹೋಲಿಸಿದರೆ ಒಟ್ಟು ಇರುವುದೇ 20 ದಾರಿ. ಮೂರೂ ಎಮ್ಮೆ ಮೇಲೆಯೇ ನಿಂತರೂ, ಎರಡೂ ಕಡೆಯದು ಸೇರಿ 20ಕ್ಕೆ 2, ಅಂದರೆ ನೂರಕ್ಕೆ 10. ಐದರ ಗೆರೆಯನ್ನು ಅದು ಯಾವತ್ತೂ ದಾಟಲಾರದು. ಕರಪತ್ರಗಳಲ್ಲಿ 'ಮೂರು ರೈತರ ಅನುಭವ' ಅಂತ ಬರುತ್ತದಲ್ಲ, ಅದನ್ನು ಓದುವಾಗ ಇದು ನೆನಪಿರಲಿ.

ಕಂಪನಿಯ ಕರಪತ್ರದಲ್ಲಿ '84 ಅಳತೆಗಳ ಆಧಾರ' ಅಂತಲೂ ಇತ್ತು. ಹನ್ನೆರಡು ಎಮ್ಮೆ, ಏಳು ದಿನ, ಹಾಗಾಗಿ 84. ಇದು ಹೇಗೆ ಸರಿಯಾಗುತ್ತದೆ? ಒಂದೇ ಎಮ್ಮೆಯನ್ನು ಏಳು ದಿನ ಅಳೆದರೆ ಅದು ಏಳು ಎಮ್ಮೆ ಆಗುವುದಿಲ್ಲ. ಸೋಮವಾರ 12 ಲೀಟರ್ ಕೊಟ್ಟ ಮುರ್ರಾ ಮಂಗಳವಾರವೂ ಅಷ್ಟೇ ಕೊಡುತ್ತದೆ. ಏಳು ದಿನ ಅಳೆದರೆ ಆ ಒಂದು ಎಮ್ಮೆಯ ಅಂಕಿ ಗಟ್ಟಿಯಾಗುತ್ತದೆ, ಎಮ್ಮೆ ಮಾತ್ರ ಒಂದೇ. ನಮ್ಮ ಲೆಕ್ಕ ಹನ್ನೆರಡರದು.

ಇನ್ನು ಕೈ ಎತ್ತಿಸಿದ ವಿಷಯ. ಪುಕ್ಕಟೆ ಹಿಂಡಿಗೆ ಮೊದಲು ಕೈ ಎತ್ತುವವರು ಯಾರು? ಸಭೆಗೆ ಮುಂದೆ ಬಂದು ಕೂರುವವರು, ದನಕರುವಿಗೆ ಮೊದಲೇ ಚೆನ್ನಾಗಿ ಹಾಕುವವರು. ಆಯಿಯಂಥವರು ಹಿಂದೆ ಬಾಗಿಲ ಹತ್ತಿರ ನಿಂತಿರುತ್ತಾರೆ. ಗುಂಪು ಹಾಗೆ ಬಿದ್ದ ಮೇಲೆ ಯಾವ ಪರೀಕ್ಷೆ ಮಾಡಿದರೂ ಹಿಂಡಿಯ ಗುಣ ಯಾವುದು, ಮನೆಯ ಗುಣ ಯಾವುದು ಅಂತ ಬಿಡಿಸಲು ಆಗುವುದಿಲ್ಲ. ಸಾಲು ನಿಲ್ಲಿಸುವ ಪರೀಕ್ಷೆಗೂ ಆಗುವುದಿಲ್ಲ. ಚೀಟಿ ಎತ್ತಿ ಗುಂಪು ಮಾಡಬೇಕು. ಇದಕ್ಕೆ ಖರ್ಚೂ ಇಲ್ಲ.

'ನಮ್ಮ ಎಮ್ಮೆಯ ಮೊದಲಿನ ಹಾಲಿಗೂ ಈಗಿನದಕ್ಕೂ ಹೋಲಿಸಿದರೆ ಸಾಕಲ್ಲ' ಅಂತ ಪಕ್ಕದೂರಿನ ಸಂಘದವರು ಫೋನಿನಲ್ಲಿ ಕೇಳಿದರು. ಅದಕ್ಕೂ ವಿಲ್ಕಾಕ್ಸನ್ ಅವರ ಅದೇ ಲೇಖನದಲ್ಲಿ ಜೋಡಿ ಅಂಕಿಗಳ ಪರೀಕ್ಷೆ ಇದೆ. ಆದರೆ ಮುಂಗಾರು ಬಿದ್ದು ಬದುವಿನಲ್ಲಿ ಹಸಿ ಹುಲ್ಲು ಬಂದರೆ ಎಲ್ಲರ ಮನೆಯ ಹಾಲೂ ಏರುತ್ತದೆ, ಹಿಂಡಿ ಬದಲಿಸದಿದ್ದರೂ. ಒಣ ಕಣಿಕಿಯ ದಿನಗಳಲ್ಲಿ ಎಲ್ಲರದೂ ಇಳಿಯುತ್ತದೆ. ಬದಲಿಸದ ಒಂದು ಗುಂಪು ಪಕ್ಕದಲ್ಲಿ ಇರಲೇಬೇಕು.

ಆಯಿಗೆ ನಾನು ಕೊಟ್ಟ ಲೆಕ್ಕ ಇದು. ಹೊಸ ಹಿಂಡಿ 50 ಕಿಲೋ ಚೀಲಕ್ಕೆ 300 ರೂಪಾಯಿ ಜಾಸ್ತಿ. ದಿನಕ್ಕೆ ಮೂರು ಕಿಲೋ ಹಾಕಿದರೆ ದಿನಕ್ಕೆ 18 ರೂಪಾಯಿ ಹೆಚ್ಚಿನ ಖರ್ಚು. ಹಾಲು ಲೀಟರಿಗೆ 45 ರೂಪಾಯಿ ಅಂತ ಹಿಡಿಯಿರಿ. 1.4 ಲೀಟರ್ ಏರಿದರೆ 63 ರೂಪಾಯಿ ಬರುತ್ತದೆ, ಒಳ್ಳೆಯ ವ್ಯಾಪಾರ. ಆದರೆ ಒಂದೊಂದು ಗುಂಪಿನ ಸಾಲಿನ ನಟ್ಟನಡುವೆ ನಿಂತ ಎರಡೆರಡು ಎಮ್ಮೆಗಳ ಸರಾಸರಿಯನ್ನು, ಅಂದರೆ ಮಧ್ಯಾಂಕವನ್ನು ನೋಡಿದರೆ ಹೊಸದರಲ್ಲಿ 5.35, ಹಳೆಯದರಲ್ಲಿ 5.05. ವ್ಯತ್ಯಾಸ ಬರೀ 0.3 ಲೀಟರ್. ಅದರಿಂದ ಬರುವುದು ಹದಿಮೂರೂವರೆ ರೂಪಾಯಿ. ಆ 0.3 ಕೂಡ ಅದೃಷ್ಟದ್ದೇ ಇರಬಹುದು. ಆಯಿ ನೋಟುಗಳನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು, 'ಹಂಗಾರ ಈಗ ಬ್ಯಾಡ' ಅಂತ ಎದ್ದು ಹೋದರು.

ಸಂಪಾದಕರೇ, ನಿಮ್ಮಲ್ಲಿ ಕೇಳುವುದು ದೊಡ್ಡದೇನಲ್ಲ. ಬೀಜ ಇರಲಿ, ಗೊಬ್ಬರ ಇರಲಿ, ಹಿಂಡಿ ಇರಲಿ, 'ಸರಾಸರಿ ಇಷ್ಟು ಹೆಚ್ಚಳ' ಅಂತ ಯಾರಾದರೂ ಬರೆದುಕೊಟ್ಟರೆ, ಒಂದೊಂದು ಗುಂಪಿನಲ್ಲಿ ಎಷ್ಟು ಇದ್ದವು, ಗುಂಪು ಮಾಡಿದ್ದು ಹೇಗೆ ಅಂತ ಕೇಳಿ ಅದನ್ನೂ ಹಾಕಿ. ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ ಎಲ್ಲ ಅಂಕಿಗಳನ್ನೂ ಹಾಕಿ. ಹನ್ನೆರಡು ಅಂಕಿಗೆ ಪತ್ರಿಕೆಯಲ್ಲಿ ಒಂದೂವರೆ ಸಾಲು ಸಾಕು. ಆ ಒಂದೂವರೆ ಸಾಲು ಇದ್ದಿದ್ದರೆ, ಲೆಕ್ಕ ಬಾರದವರಿಗೂ 12.4 ಕಣ್ಣಿಗೆ ಕುಕ್ಕುತ್ತಿತ್ತು. ನಮ್ಮ ಹೆಣ್ಣುಮಕ್ಕಳಿಗೆ ಹಾಲಿನ ಅಂಕಿ ಓದಲು ಯಾರೂ ಕಲಿಸಬೇಕಾಗಿಲ್ಲ.

ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿಯ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರ ಓದುವ ಮಕ್ಕಳಿಗೂ ಒಂದು ಮಾತು. ಜಗತ್ತೇ ಮೆಚ್ಚಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ಹಡಗಲಿಯಲ್ಲಿ, ತುಂಗಭದ್ರೆ ದಾಟಿದರೆ ಸಿಗುವ ಊರು. ನಿಮ್ಮ ಪ್ರಾಜೆಕ್ಟಿಗೆ ಅಂಕಿ ಬೇಕಾದರೆ ಹಾಲು ಸಂಘಗಳಿಗೆ ಬನ್ನಿ. ನಮ್ಮ ರಜಿಸ್ಟರುಗಳಲ್ಲಿ ವರ್ಷಗಟ್ಟಲೆ ಎರಡು ಹೊತ್ತಿನ ಅಳತೆ, ಫ್ಯಾಟ್, ಡಿಗ್ರಿ ಎಲ್ಲ ಕಾಯುತ್ತಿವೆ. ಊಟಕ್ಕೆ ರೊಟ್ಟಿ, ಗಟ್ಟಿ ಮೊಸರು ನಮ್ಮ ಕಡೆಯಿಂದ.

ಕೊನೆಯದಾಗಿ ಒಂದು ವಿಷಯ ತಿಳಿಸಬೇಕು. ನಮ್ಮ ಸಂಘದವರು ಸೇರಿ ಈ ಪ್ರಯೋಗವನ್ನು ಮತ್ತೆ ಮಾಡುತ್ತಿದ್ದೇವೆ. ಈದು ಎರಡರಿಂದ ಐದು ತಿಂಗಳಾದ 20 ಎಮ್ಮೆ. ಚೀಟಿ ಎತ್ತಿ ಹತ್ತು ಹತ್ತು ಮಾಡಿದ್ದೇವೆ. ಚೀಟಿ ಎತ್ತಿದ್ದು ಅಂಗನವಾಡಿಯ ಒಂದು ಮಗು. ಆಯಿಯ ಎಮ್ಮೆ ಹೊಸ ಹಿಂಡಿಯ ಗುಂಪಿಗೆ ಬಿತ್ತು, ನಮ್ಮದು ಹಳೆಯದಕ್ಕೆ. 13 ಚೀಲದ ದುಡ್ಡು ಸಂಘದ್ದು. ಒಂದು ವಾರ ಎಲ್ಲದರ ಹಾಲನ್ನು ಮೊದಲೇ ಅಳೆದಿಟ್ಟಿದ್ದೇವೆ. ಹೊಸ ಹಿಂಡಿಗೆ ಹೊಟ್ಟೆ ಒಗ್ಗಲು ಎರಡು ವಾರ ಬಿಟ್ಟು, ಮೂರನೆಯ ವಾರದ ಹಾಲು ಹಿಡಿಯುತ್ತೇವೆ. ಒಂದೊಂದು ಎಮ್ಮೆ ತನ್ನ ಮೊದಲಿನ ಹಾಲಿಗಿಂತ ಎಷ್ಟು ಏರಿತು, ಎಷ್ಟು ಇಳಿಯಿತು ಅನ್ನುವುದನ್ನು ಸಾಲು ನಿಲ್ಲಿಸುತ್ತೇವೆ. 1ರಿಂದ 20ರ ತನಕದ ಜಾಗಗಳ ಒಟ್ಟು ಮೊತ್ತ 210. ನೂರಕ್ಕೆ 5ರ ಅದೇ ಗೆರೆಯ ಪ್ರಕಾರ, ಹೊಸ ಹಿಂಡಿಯವುಗಳ ಮೊತ್ತ 132 ಅಥವಾ ಮೇಲೆ ಬಂದರೆ, ಹಿಂಡಿಯಲ್ಲಿ ಗುಣ ಇದೆ ಅಂತ ಒಪ್ಪಿಕೊಂಡು ಬರೆಯುತ್ತೇನೆ. 78 ಅಥವಾ ಕೆಳಗೆ ಬಂದರೆ, ಹಳೆಯದೇ ಮೇಲು ಅಂತ ಬರೆಯುತ್ತೇನೆ. ನಡುವೆ ಬಂದರೆ, ಇಷ್ಟರಿಂದ ಹೇಳಲು ಆಗಲಿಲ್ಲ ಅಂತ ಬರೆಯುತ್ತೇನೆ. ಯಾವುದೇ ಬರಲಿ, 20 ಅಂಕಿಗಳನ್ನೂ ನಿಮಗೆ ಕಳಿಸುತ್ತೇನೆ. ಹೋದ ವಾರದ ಸುದ್ದಿ ಬಂದ ಜಾಗದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ಕಾರ್ಯದರ್ಶಿ, ಮಹಿಳಾ ಹಾಲು ಉತ್ಪಾದಕರ ಸಂಘ,
ಕುಂದಗೋಳ ತಾಲ್ಲೂಕು, ಧಾರವಾಡ ಜಿಲ್ಲೆ